ಮಾಸು ಕೆಳಗಿದ್ದಾಗ

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ಬಂದ ಕೆಲವು ಬಸುರಿಯರ ರಿಪೋರ್ಟಿನಲ್ಲಿ ‘ಲೋ ಲೈಯಿಂಗ್ ಪ್ಲಾಸೆಂಟಾ’ ಎಂದು ಬರೆದಿರುತ್ತದೆ. ‘ಮಾಸು ಸ್ವಲ್ಪ ಕೆಳಗಿದೆ ಕಣಮ್ಮ, ಎಂಟನೇ ತಿಂಗಳಲ್ಲಿ ಇನ್ನೊಂದ್ಸಲ ನೋಡೋಣ’ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಮನೆ ತಲುಪುವಷ್ಟರಲ್ಲಿ ಆ ‘ಸ್ವಲ್ಪ’ ಉದುರಿಹೋಗಿರುತ್ತದೆ. ಅತ್ತೆ, ಅಮ್ಮ, ಪಕ್ಕದ ಮನೆಯವರು ಸೇರಿ ಅವಳನ್ನು ಮಂಚ ಬಿಟ್ಟು ಇಳಿಯದಂತೆ ಮಾಡಿರುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿಯ ವಿಷಯದಲ್ಲಿ ಈ ಗಾಬರಿ ದಂಡ. ತಿಂಗಳು ತುಂಬುತ್ತ ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಮಾಸಿನ ಅಂಚು ತಾನಾಗಿ ಮೇಲೆ ಸರಿದುಹೋಗುತ್ತದೆ. ಮಂಚದ ಮೇಲೆ ಮಲಗಿದ್ದರಿಂದ ಅದು ಸರಿಯಿತು ಎನ್ನಲು ಯಾವ ಆಧಾರವೂ ಇಲ್ಲ.

ಸರಿಯದೆ ಅಲ್ಲೇ ಉಳಿದು, ಮಗು ಹೊರಬರಬೇಕಾದ ಬಾಯಿಯನ್ನೇ ಮಾಸು ಮುಚ್ಚಿಕೊಂಡರೆ ಅದು ಪ್ಲಾಸೆಂಟಾ ಪ್ರೀವಿಯಾ. ಸುಮಾರು 200 ಬಸುರಿಯರಲ್ಲಿ ಒಬ್ಬಳಿಗೆ ಹೀಗಾಗುತ್ತದೆ. ಏಳೆಂಟು ತಿಂಗಳಾದಾಗ, ನೋವಿಲ್ಲ ನೊಂಬಲವಿಲ್ಲ, ಒಂದು ರಾತ್ರಿ ಎದ್ದು ನೋಡಿದರೆ ಹಾಸಿಗೆಯೆಲ್ಲ ಕೆಂಪು. ನೋವಿಲ್ಲದ್ದರಿಂದಲೇ ಹಲವರು ‘ಬೆಳಗಾಗಲಿ, ನೋಡೋಣ’ ಅನ್ನುತ್ತಾರೆ.

ಹೆರಿಗೆಯಾದ ಮೇಲೆ ರಕ್ತ ನಿಲ್ಲುವ ಬಗೆಯನ್ನು ತಿಳಿದರೆ ಈ ಸ್ಥಿತಿ ಯಾಕೆ ಅಷ್ಟು ಕಠಿಣ ಎಂಬುದು ಗೊತ್ತಾಗುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. 50 ಕೆ.ಜಿ. ತೂಕದ ಗರ್ಭಿಣಿಯ ಮೈಯಲ್ಲಿ ಒಟ್ಟು ಇರುವುದು ಸುಮಾರು 5 ಲೀಟರ್. ಅಂದರೆ ತಡೆಯೇ ಇಲ್ಲದಿದ್ದರೆ ಹತ್ತು ನಿಮಿಷದ ಲೆಕ್ಕ. ಆ ತಡೆ ಗರ್ಭಕೋಶದ ಸ್ನಾಯುಗಳಲ್ಲೇ ಇದೆ. ಮಾಸು ಬಿದ್ದ ಕೂಡಲೇ ಅಡ್ಡಡ್ಡ ಹೆಣೆದುಕೊಂಡ ಸ್ನಾಯುವಿನ ಎಳೆಗಳು, ಒದ್ದೆ ಬಟ್ಟೆ ಹಿಂಡಿದ ಹಾಗೆ, ನಡುವಿನ ರಕ್ತನಾಳಗಳನ್ನು ಬಿಗಿದುಬಿಡುತ್ತವೆ. ಆದರೆ ಈ ಸ್ನಾಯುವಿನ ಬಲವೆಲ್ಲ ಮೇಲ್ಭಾಗದಲ್ಲಿ. ಕೆಳಭಾಗ ತೆಳ್ಳಗೆ, ಹಿಂಡುವ ಶಕ್ತಿ ಕಡಿಮೆ. ಮಾಸು ಅಲ್ಲಿ ಅಂಟಿದ್ದರೆ, ಅದು ಬಿಟ್ಟ ಜಾಗದಲ್ಲಿ ಬಾಯಿ ತೆರೆದ ನಾಳಗಳನ್ನು ಬಿಗಿಯುವವರಿಲ್ಲ. ಮೇಲುಗಡೆ ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿದ್ದರೂ ಕೆಳಗೆ ರಕ್ತ ಸುರಿಯುತ್ತಲೇ ಇರಬಹುದು.

ಇಂಗ್ಲೆಂಡಿನ ನಾರಿಚ್ ಊರಿನ ಸರ್ಜನ್ ಎಡ್ವರ್ಡ್ ರಿಗ್ಬಿ 1775ರಲ್ಲಿ ಹೆರಿಗೆಗೆ ಮುಂಚಿನ ರಕ್ತಸ್ರಾವವನ್ನು ಎರಡಾಗಿ ವಿಂಗಡಿಸಿದ. ಸರಿಯಾದ ಜಾಗದಲ್ಲಿರುವ ಮಾಸು ಯಾವುದೋ ಕಾರಣಕ್ಕೆ ಬಿಟ್ಟು ರಕ್ತ ಹೋಗುವುದು ಆಕಸ್ಮಿಕ. ಬಾಯಿಯ ಮೇಲೇ ಮಾಸು ಕೂತಿದ್ದರೆ ರಕ್ತಸ್ರಾವ ತಪ್ಪಿಸಲಾಗದ್ದು. ಮುಂದಿನ ನೂರೈವತ್ತು ವರ್ಷ ವೈದ್ಯರು ಆ ‘ತಪ್ಪಿಸಲಾಗದ್ದು’ ಎಂಬುದನ್ನು ಒಪ್ಪಿಕೊಂಡೇ ಕೈಯಾಡಿಸಿದರು. 1860ರ ದಶಕದಲ್ಲಿ ಬ್ರ್ಯಾಕ್ಸ್‌ಟನ್ ಹಿಕ್ಸ್ ತೋರಿಸಿದ ವಿಧಾನವಂತೂ ಓದಿದರೆ ಮೈ ಜುಮ್ಮೆನ್ನುತ್ತದೆ. ಎರಡು ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಮಗುವನ್ನು ತಿರುಗಿಸಿ ಒಂದು ಕಾಲನ್ನು ಕೆಳಗೆ ಎಳೆದು, ಮಗುವಿನ ಸೊಂಟದಿಂದಲೇ ಮಾಸನ್ನು ಒತ್ತಿಹಿಡಿಯುವುದು. ತಾಯಿ ಉಳಿಯುತ್ತಿದ್ದಳು. ಮಗು ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ. ಆ ಕಾಲಕ್ಕೆ ಅದೇ ದೊಡ್ಡ ಸುಧಾರಣೆ.

ಇದನ್ನು ಬದಲಿಸಿದವರು ಬೆಲ್‌ಫಾಸ್ಟ್‌ನ ಪ್ರೊಫೆಸರ್ ಚಾರ್ಲ್ಸ್ ಮೆಕಾಫಿ. ಹೊಸ ಶಸ್ತ್ರಚಿಕಿತ್ಸೆಯನ್ನಾಗಲಿ ಹೊಸ ಔಷಧಿಯನ್ನಾಗಲಿ ಅವರು ತಂದವರಲ್ಲ. ಅವರ ಮಾತು ಇಷ್ಟೇ: ಮೊದಲ ಸಲದ ರಕ್ತಸ್ರಾವದಿಂದ ತಾಯಿ ಸಾಯುವುದು ತೀರಾ ಅಪರೂಪ, ಒಳಗೆ ಬೆರಳು ಹಾಕಿ ಪರೀಕ್ಷೆ ಮಾಡದಿದ್ದರೆ. ಮಾಸು ಎಲ್ಲಿದೆ ಎಂದು ತಿಳಿಯಲು ಹೋದ ಬೆರಳೇ ಅದನ್ನು ಕಿತ್ತು ಹೊಳೆ ಹರಿಸುತ್ತಿತ್ತು. ಆದ್ದರಿಂದ ಮುಟ್ಟಬೇಡಿ, ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಿ, ರಕ್ತ ಕೊಡಿ, ಮಗು ಬಲಿಯುವವರೆಗೆ ಕಾಯಿರಿ. ಕೊನೆಗೆ ಪರೀಕ್ಷೆ ಮಾಡಲೇಬೇಕಾದಾಗ ಆಪರೇಷನ್ ಥಿಯೇಟರಿನಲ್ಲೇ, ಸಿಸೇರಿಯನ್ನಿಗೆ ಎಲ್ಲ ಅಣಿಮಾಡಿಟ್ಟುಕೊಂಡು ಮಾಡಿ. 1937ರಿಂದ ಹೀಗೆ ನೋಡಿಕೊಂಡ 174 ಮಂದಿಯ ವಿವರವನ್ನು ಅವರು 1945ರಲ್ಲಿ ಪ್ರಕಟಿಸಿದರು. ಸತ್ತ ತಾಯಿ ಒಬ್ಬಳು. ಅದೇ ವರ್ಷ ಅಮೆರಿಕದ ಹ್ಯೂಸ್ಟನ್ನಿನಿಂದ ಹರ್ಮನ್ ಜಾನ್ಸನ್ ಕೂಡ ಕಾಯುವ ಪರವಾಗಿ ಬರೆದರು. ಪ್ರಸೂತಿಶಾಸ್ತ್ರದಲ್ಲಿ ಕೈ ಕಟ್ಟಿ ಕೂರುವುದನ್ನು ಕಲಿಸಿದ ಪ್ರಬಂಧಗಳು ಬಹಳ ಇಲ್ಲ. ಚೀಟಿ ಎತ್ತಿ ಗುಂಪು ಮಾಡುವ ಇವತ್ತಿನ ಪ್ರಯೋಗದ ಕಟ್ಟುನಿಟ್ಟು ಮೆಕಾಫಿಯ ಪ್ರಬಂಧದಲ್ಲಿರಲಿಲ್ಲ ನಿಜ. ಆದರೆ ಅದನ್ನು ಓದಿದ ಮೇಲೆ ಬೆರಳು ಹಾಕುವ ಗುಂಪಿಗೆ ಯಾರನ್ನು ಸೇರಿಸುವುದು?

ಬೆರಳಿನ ಕೆಲಸವನ್ನು ಮುಂದೆ ಶಬ್ದದ ಅಲೆ ವಹಿಸಿಕೊಂಡಿತು. ಲೋಹದಲ್ಲಿನ ಬಿರುಕು ಹುಡುಕುವ ಕಾರ್ಖಾನೆಯ ಯಂತ್ರದಿಂದ ಹೊಳೆದ ಉಪಾಯವನ್ನು ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1958ರಲ್ಲಿ ಹೊಟ್ಟೆಯ ಮೇಲೆ ತಂದರು. 1960ರ ದಶಕ ಮುಗಿಯುವ ಮುಂಚೆಯೇ ಮಾಸಿನ ಜಾಗ ಪರದೆಯ ಮೇಲೆ ಕಾಣತೊಡಗಿತು. ಆಮೇಲೆ ಬಂದದ್ದು ಯೋನಿಯ ಮೂಲಕ ಮಾಡುವ ಸ್ಕ್ಯಾನ್. ಮೆಕಾಫಿಯ ಪಾಠ ಕಲಿತವರು ಮೊದಮೊದಲು ಇದಕ್ಕೆ ಹೆದರಿದರು. ಆದರೆ ಆ ಉಪಕರಣ ಗರ್ಭಕಂಠದೊಳಕ್ಕೆ ಹೋಗುವುದಿಲ್ಲ, ಅದರ ಇತ್ತಲೇ ನಿಲ್ಲುತ್ತದೆ; ರಕ್ತಸ್ರಾವವನ್ನೂ ತರುವುದಿಲ್ಲ ಎಂದು ಅಧ್ಯಯನಗಳು ತೋರಿಸಿದವು. ಹೊಟ್ಟೆಯ ಮೇಲಿನ ಸ್ಕ್ಯಾನಿಗಿಂತ ಅದು ನಿಖರ. ಇವತ್ತು ವೈದ್ಯರು ಮಾಸಿನ ಅಂಚು ಬಾಯಿಯಿಂದ 20 ಮಿಲಿಮೀಟರಿನೊಳಗೆ ಇದೆಯೇ ಹೊರಗೆ ಇದೆಯೇ ಎಂದು ಅಳೆದು ಮಾತಾಡುತ್ತಾರೆ. ‘ಒಳಗಿನ ಸ್ಕ್ಯಾನ್ ಬೇಡ’ ಎಂದು ಹಟ ಹಿಡಿಯುವ ಮನೆಯವರು ನಮ್ಮಲ್ಲಿ ಇನ್ನೂ ಇದ್ದಾರೆ. ಮಾಸು ಕೆಳಗಿದೆ ಎಂಬ ಅನುಮಾನವಿದ್ದಾಗ ಬೇಕಾದದ್ದು ಅದೇ.

ಒಮ್ಮೆ ರಕ್ತ ಕಂಡು ನಿಂತವಳು ಆಸ್ಪತ್ರೆಯಲ್ಲೇ ಇರಬೇಕೆ, ಮನೆಗೆ ಹೋಗಬಹುದೆ? ಇದರ ಮೇಲೆ ನಡೆದ ಹೆಸರಾಂತ ಪ್ರಯೋಗ ಅಮೆರಿಕದ್ದು, 1996ರಲ್ಲಿ ಪ್ರಕಟವಾದದ್ದು. ಅದರಲ್ಲಿದ್ದವರು 53 ಮಂದಿ ಮಾತ್ರ. ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಷ್ಟನ್ನೇ ಹಿಡಿದು ಹಾನಗಲ್ಲಿನ ಹಳ್ಳಿಯ ಹೆಂಗಸನ್ನು ಮನೆಗೆ ಕಳಿಸುವುದು ಸರಿಯಲ್ಲ. ಮನೆಗೆ ಹೋಗುವ ಮಾತೆಲ್ಲ ಫೋನ್ ಕೈಯಲ್ಲಿದ್ದು, ಬಾಗಿಲಲ್ಲಿ ಗಾಡಿಯಿದ್ದು, ಆಸ್ಪತ್ರೆ ಹತ್ತಿರವಿದ್ದವರಿಗೆ. ಮಳೆಗಾಲದ ರಾತ್ರಿ ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಎಂಬುದು ಯಾವ ಸಂಶೋಧನಾ ಪ್ರಬಂಧದ ಕೋಷ್ಟಕದಲ್ಲೂ ಇರುವುದಿಲ್ಲ.

ಬೇರೆ ತೊಡಕಿಲ್ಲದ ಪ್ರೀವಿಯಾದಲ್ಲಿ 36–37 ವಾರಕ್ಕೆ ಸಿಸೇರಿಯನ್ ಮಾಡುವುದು ಈಗಿನ ರೂಢಿ. ಸಂಶೋಧನೆಯ ಬಹುಪಾಲು ನಡೆದಿರುವುದು ಆ ಆಪರೇಷನ್ನಿನ ಮೇಜಿನ ಸುತ್ತಲೇ, ರಕ್ತ ಕಡಿಮೆ ಹೋಗುವಂತೆ ಮಾಡುವುದು ಹೇಗೆ ಎಂದು. ಇಲ್ಲಿ ಉಪಾಯಗಳಿಗೆ ಬರವಿಲ್ಲ. ಬ್ರಿಟನ್ನಿನ ಕ್ರಿಸ್ಟಫರ್ ಬಿ-ಲಿಂಚ್ 1997ರಲ್ಲಿ ಇಡೀ ಗರ್ಭಕೋಶವನ್ನೇ ದಾರದಿಂದ ಬಿಗಿಯುವ ಹೊಲಿಗೆ ತೋರಿಸಿದರು. ಅದು ಸಡಿಲಾದ ಮೇಲ್ಭಾಗಕ್ಕೆ ಒಳ್ಳೆಯದು, ಪ್ರೀವಿಯಾದ ಕೆಳಭಾಗಕ್ಕೆ ಅಷ್ಟಾಗಿ ತಲುಪದು. ಕೊರಿಯಾದ ವೈದ್ಯರು ರಕ್ತ ಸುರಿಯುವ ಜಾಗಕ್ಕೇ ಚೌಕದ ಹೊಲಿಗೆ ಹಾಕಿದರು. ಢಾಕಾ ವೈದ್ಯಕೀಯ ಕಾಲೇಜಿನ ಸಯೇಬಾ ಅಖ್ತರ್ ರಬ್ಬರ್ ಕ್ಯಾಥೆಟರಿಗೆ ಕಾಂಡೋಮ್ ಕಟ್ಟಿ, ಸಲೈನ್ ತುಂಬಿ ಒಳಗಿಂದ ಒತ್ತುವ ಬಲೂನು ಮಾಡಿದರು. 2003ರಲ್ಲಿ ವರದಿಯಾದ 23 ಮಂದಿಯಲ್ಲೂ ರಕ್ತ ನಿಂತಿತ್ತು. ಕೇರಳದ ತ್ರಿಶೂರಿನ ವಿ.ಪಿ. ಪೈಲಿ ಗರ್ಭಕೋಶದ ರಕ್ತನಾಳವನ್ನು ಹೊಟ್ಟೆ ಕೊಯ್ಯದೆಯೇ ಹಿಡಿಯುವ ಕ್ಲ್ಯಾಂಪ್ ರೂಪಿಸಿದರು. ಮಾಸು ಬೇರೂರಿದ ಕಠಿಣ ಆಪರೇಷನ್ನುಗಳಿಗೆಂದು ಮಹಾಧಮನಿಯನ್ನೇ ತುಸು ಹೊತ್ತು ಅದುಮಿಡುವ ಇನ್ನೊಂದನ್ನೂ ಮಾಡಿದರು.

ಉಪಾಯ ಮೆಚ್ಚುವಂತಿದ್ದ ಮಾತ್ರಕ್ಕೆ ಪರೀಕ್ಷೆಯಲ್ಲಿ ಗೆಲ್ಲಲೇಬೇಕೆಂದಿಲ್ಲ. ಆಫ್ರಿಕಾದ ಬೆನಿನ್ ಮತ್ತು ಮಾಲಿಯಲ್ಲಿ ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಕಾಂಡೋಮ್ ಬಲೂನನ್ನು ಚೀಟಿ ಎತ್ತಿ ಪರೀಕ್ಷಿಸಿದಾಗ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಪ್ರೀವಿಯಾ ಸಿಸೇರಿಯನ್ನಿಗೆ ಮುಂಚೆ ಸೊಂಟದ ಒಳಗಿನ ಅಪಧಮನಿಗಳಲ್ಲಿ ಬಲೂನು ಕೂರಿಸುವ ದುಬಾರಿ ವಿಧಾನವನ್ನು ಹಾಂಗ್‌ಕಾಂಗ್‌ನಲ್ಲಿ 40 ಮಂದಿಯಲ್ಲಿ ಹೋಲಿಸಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ರಕ್ತನಷ್ಟ ಕಡಿಮೆಯಾಗಿರಲಿಲ್ಲ. ದೊಡ್ಡ ಆಸ್ಪತ್ರೆಯ ದೊಡ್ಡ ಬಿಲ್ಲಿನಲ್ಲಿ ಈ ಬಲೂನು ಕಂಡರೆ ಪ್ರಶ್ನೆ ಕೇಳುವ ಹಕ್ಕು ಮನೆಯವರಿಗಿದೆ.

ಔಷಧಿಗಳಲ್ಲಿ ಹೆಚ್ಚು ಸುದ್ದಿ ಮಾಡಿದ್ದು ಟ್ರಾನೆಕ್ಸಮಿಕ್ ಆಸಿಡ್. ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ಅದು ತಡೆಯುತ್ತದೆ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಆಕೆಯ ಗಂಡ ಶೊಸುಕೆ 1962ರಲ್ಲಿ ಇದನ್ನು ಕಂಡುಹಿಡಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ಹೆಂಗಸರಿಗೆಂದೇ ಆಕೆ ಈ ಹಾದಿ ಹಿಡಿದದ್ದು. ಪ್ರಸೂತಿ ವೈದ್ಯರು ಮಾತ್ರ ದಶಕಗಳ ಕಾಲ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಹೋಗಲಿಲ್ಲ. ಕೊನೆಗೆ 21 ದೇಶಗಳ 193 ಆಸ್ಪತ್ರೆಗಳಲ್ಲಿ 20,060 ಹೆಂಗಸರ ಮೇಲೆ ನಡೆದ ‘ವುಮನ್’ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಉಟಾಕೊ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಹಾಗಾದರೆ ರಕ್ತ ಸುರಿಯುವ ಮುಂಚೆಯೇ ಎಲ್ಲರಿಗೂ ಕೊಟ್ಟುಬಿಡಬಹುದಲ್ಲ? ಇಲ್ಲಿ ಉತ್ತರ ಅಷ್ಟು ನೇರವಿಲ್ಲ. ಫ್ರಾನ್ಸಿನಲ್ಲಿ 4,551 ಸಿಸೇರಿಯನ್‌ಗಳ ಪ್ರಯೋಗದಲ್ಲಿ ಹೆಚ್ಚು ರಕ್ತ ಹೋದವರ ಪ್ರಮಾಣ ಶೇ 31.6ರಿಂದ ಶೇ 26.7ಕ್ಕೆ ಇಳಿಯಿತು. ಅಮೆರಿಕದಲ್ಲಿ ಸುಮಾರು 11,000 ಮಂದಿಯ ಪ್ರಯೋಗದಲ್ಲಿ ಸಾವು ಅಥವಾ ರಕ್ತ ಕೊಡಬೇಕಾದ ಅಗತ್ಯ ಗಮನಾರ್ಹವಾಗಿ ಇಳಿಯಲಿಲ್ಲ. ರಕ್ತಹೀನತೆಯಿದ್ದ 15,068 ಹೆಂಗಸರಿಗೆ ಸಹಜ ಹೆರಿಗೆಯ ಹೊತ್ತಿನಲ್ಲೇ ಕೊಟ್ಟು ನೋಡಿದರೂ ರಕ್ತಸ್ರಾವ ತಪ್ಪಲಿಲ್ಲ. ಐದು ದೊಡ್ಡ ಪ್ರಯೋಗಗಳ 54,404 ಮಂದಿಯ ವಿವರ ಒಟ್ಟುಗೂಡಿಸಿ 2024ರಲ್ಲಿ ಲೆಕ್ಕ ಹಾಕಿದಾಗ ಜೀವಕ್ಕೆ ಕುತ್ತು ತರುವಂಥ ರಕ್ತಸ್ರಾವ ಸುಮಾರು ಕಾಲು ಭಾಗ ಕಡಿಮೆ ಎಂದು ಕಂಡಿತು. ಪ್ರೀವಿಯಾ ಒಂದನ್ನೇ ಹಿಡಿದು ಮಾಡಿದ ಪ್ರಯೋಗಗಳಲ್ಲಿ ಹೆಚ್ಚಿನವು ಒಂದೇ ಆಸ್ಪತ್ರೆಯವು, ಸಣ್ಣವು, ಕೆಲವಂತೂ ನಂಬಲಾಗದಷ್ಟು ಒಳ್ಳೆಯ ಫಲಿತಾಂಶದವು. ನೂರು ಮಂದಿಯ ಪ್ರಯೋಗದಲ್ಲಿ ಪವಾಡ ಮಾಡಿದ ಔಷಧಿ ಹತ್ತು ಸಾವಿರ ಮಂದಿಯ ಮುಂದೆ ಸಾಧಾರಣವಾಗುವುದು ವೈದ್ಯಕೀಯದಲ್ಲಿ ಹೊಸತೇನಲ್ಲ. ಇನ್ನೊಂದು ಎಚ್ಚರಿಕೆ: ಇದರ ಆ್ಯಂಪೂಲನ್ನು ಬೆನ್ನಿಗೆ ಕೊಡುವ ಅರಿವಳಿಕೆಯ ಆ್ಯಂಪೂಲೆಂದು ತಪ್ಪಾಗಿ ತಿಳಿದು ಬೆನ್ನುಹುರಿಗೆ ಚುಚ್ಚಿದ ದುರಂತಗಳಾಗಿವೆ. ಎರಡನ್ನೂ ಬೇರೆ ಬೇರೆ ಕಡೆ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಹೇಳಬೇಕಾಯಿತು.

ಔಷಧಿಯ ವಾದದ ಬುಡದಲ್ಲೇ ಇನ್ನೊಂದು ಪ್ರಶ್ನೆ ಇದೆ. ಎಷ್ಟು ರಕ್ತ ಹೋಯಿತು ಎಂದು ಗೊತ್ತಾಗುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಹುಟ್ಟಿದ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು.

ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ತಂಡದ ಜೊತೆ ಸೇರಿ 2002ರಿಂದ 2005ರವರೆಗೆ ಸುತ್ತಲಿನ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಗರ್ಭಕೋಶ ಬಿಗಿಯಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ತಂಪಿನಲ್ಲಿರಬೇಕು, ಚುಚ್ಚಲು ಕಲಿತವರು ಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವವರಿಗೆ ಇದನ್ನು ನುಂಗಿಸಿದರೆ ಆದೀತೆ? 1,620 ಬಾಣಂತಿಯರು, 25 ಮಂದಿ ಎಎನ್‌ಎಂಗಳು. ಹೆರಿಗೆ ಮಾಡಿಸಿದವರೂ ಅವರೇ, ಮಾತ್ರೆ ಕೊಟ್ಟವರೂ ಅವರೇ, ರಕ್ತ ಅಳೆದವರೂ ಅವರೇ. 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದಂತೆ ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಹೋದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು, ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ. ಸ್ವಲ್ಪ ಹೊತ್ತು ಚಳಿ, ಜ್ವರ ಬರುತ್ತಿತ್ತು, ಅಷ್ಟೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗವನ್ನೂ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಎಎನ್‌ಎಂ ಎಂದರೆ ಲಸಿಕೆ ಚೀಲ ಹೊತ್ತು ತಿರುಗುವ ನರ್ಸಮ್ಮ ಎಂದಷ್ಟೇ ತಿಳಿದವರು ಈ ಪ್ರಬಂಧ ಓದಬೇಕು.

ಈ ಪ್ರಯೋಗಕ್ಕೆ ಬೇಕಾದ ಅಳತೆಗೆಂದು ಅವರು ಮಾಡಿಕೊಂಡದ್ದು ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಮೇಲೆ ಬಾಣಂತಿಯ ಕೆಳಗೆ ಹಾಸುವುದು. ತುದಿಯಲ್ಲಿ ಆಲಿಕೆಯಾಕಾರದ ಚೀಲ. ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಸಹೋದ್ಯೋಗಿಗಳ ಹೆಸರಿನ ಅಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಕಣ್ಣಂದಾಜಿಗೂ ಈ ಹಾಳೆಗೂ 123 ಹೆರಿಗೆಗಳಲ್ಲಿ ಹೋಲಿಕೆ ಮಾಡಿ ನೋಡಿದರೆ, ಕಣ್ಣು ಹೇಳಿದ್ದು ಹಾಳೆ ಹೇಳಿದ್ದಕ್ಕಿಂತ ಶೇ 33ರಷ್ಟು ಕಡಿಮೆ. ದಿನಾ ರಕ್ತ ನೋಡುವವರ ಕಣ್ಣೇ ಹೀಗೆ ಮೋಸಹೋಗುತ್ತದೆ.

ಅಳೆದ ಮಾತ್ರಕ್ಕೆ ಜೀವ ಉಳಿಯುತ್ತದೆಯೇ? ಯುರೋಪಿನ 13 ದೇಶಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅಳತೆಯ ಚೀಲ ಕೊಟ್ಟು ನೋಡಿದಾಗ ತೀವ್ರ ರಕ್ತಸ್ರಾವ ಕಡಿಮೆಯಾಗಲಿಲ್ಲ. 2010ರಲ್ಲಿ ಆ ವರದಿ ಬಂದ ಮೇಲೆ ಚೀಲದ ಕಥೆ ಮುಗಿಯಿತು ಎಂದುಕೊಂಡವರಿದ್ದರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ಬೇರೆ ರೀತಿ ಯೋಚಿಸಿತು. ಗೆರೆ ದಾಟಿದ ಕೂಡಲೇ ಮಾಡಬೇಕಾದುದನ್ನೆಲ್ಲ ಒಟ್ಟಿಗೇ ಮಾಡುವುದು: ಗರ್ಭಕೋಶವನ್ನು ಉಜ್ಜುವುದು, ಬಿಗಿಯುವ ಔಷಧಿ, ಟ್ರಾನೆಕ್ಸಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆಯೆಂದು ಪರೀಕ್ಷೆ. ಒಂದು ಕೊಟ್ಟು ಕಾದು ನೋಡಿ ಇನ್ನೊಂದು ಕೊಡುವ ಹಳೆಯ ಪದ್ಧತಿ ಬೇಡ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಸಹಜ ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. ಹೊಸದಾಗಿ ಕಂಡುಹಿಡಿದ ಔಷಧಿ ಇದರಲ್ಲಿ ಒಂದೂ ಇರಲಿಲ್ಲ. ಆದರೂ ಲೀಟರು ದಾಟುವ ರಕ್ತಸ್ರಾವ, ರಕ್ತ ನಿಲ್ಲಿಸಲು ಹೊಟ್ಟೆ ತೆರೆಯಬೇಕಾಗುವುದು, ಸಾವು ಇವೆಲ್ಲ ಸೇರಿ ಶೇ 4.3ರಿಂದ ಶೇ 1.6ಕ್ಕೆ ಇಳಿದವು. ಮುಂಚೆ ರಕ್ತಸ್ರಾವವಾದವರಲ್ಲಿ ಅರ್ಧದಷ್ಟು ಮಂದಿಯದು ಗಮನಕ್ಕೇ ಬರುತ್ತಿರಲಿಲ್ಲ. ಹಾಳೆ ಹಾಸಿದ ಮೇಲೆ ಶೇ 93 ಮಂದಿಯದು ಗೊತ್ತಾಯಿತು.

ಪ್ರೀವಿಯಾ ಸಿಸೇರಿಯನ್ನಿನಲ್ಲಿ ಈ ಹಾಳೆ ಹಾಸುವಂತಿಲ್ಲ. ರಕ್ತ ಸಕ್ಷನ್ ಬಾಟಲಿಗೆ ಹೋಗುತ್ತದೆ, ಗರ್ಭದ ನೀರಿನ ಜೊತೆ ಬೆರೆಯುತ್ತದೆ, ಮಾಪ್‌ಗಳಲ್ಲಿ ಇಂಗುತ್ತದೆ, ಮೇಜಿನಿಂದ ನೆಲಕ್ಕೂ ಇಳಿಯುತ್ತದೆ. ನೀರಿನ ಲೆಕ್ಕ ಕಳೆದು, ನೆನೆದ ಮಾಪ್‌ಗಳನ್ನು ತೂಕ ಮಾಡಿ, ಒಂದು ಗ್ರಾಂ ಹೆಚ್ಚಿದ್ದರೆ ಒಂದು ಮಿಲಿಲೀಟರ್ ಎಂದು ಕೂಡುವುದು ಬೇಸರದ ಕೆಲಸ. ಥಿಯೇಟರಿನಲ್ಲಿ ಒಬ್ಬರಿಗೆ ಆ ಕೆಲಸವನ್ನೇ ವಹಿಸದಿದ್ದರೆ ನಡೆಯುವುದು ಅದೇ ಹಳೆಯ ಕಣ್ಣಂದಾಜು. ನನ್ನನ್ನು ಕೇಳಿದರೆ ಇನ್ನೊಂದು ಬಗೆಯ ಬಲೂನಿಗಿಂತ ಒಂದು ತಕ್ಕಡಿ ಹೆಚ್ಚು ಉಪಕಾರ ಮಾಡೀತು.

ಪ್ರೀವಿಯಾವನ್ನು ಇಂದು ನಿಜಕ್ಕೂ ಭಯಂಕರ ಮಾಡಿರುವುದು ಹಿಂದಿನ ಸಿಸೇರಿಯನ್ನಿನ ಗಾಯ. ಹಳೆಯ ಕಲೆಯ ಮೇಲೆ ಮಾಸು ಕೂತರೆ ಅದು ಗರ್ಭಕೋಶದ ಗೋಡೆಯೊಳಕ್ಕೆ ಬೇರು ಬಿಡಬಹುದು, ಮುಂದಿರುವ ಮೂತ್ರಕೋಶದವರೆಗೂ ಹೋಗಬಹುದು. ಬಿಡಿಸಲು ಹೋದರೆ ಬಿಡದು, ಎಳೆದರೆ ರಕ್ತ. ಇದು ಅಕ್ರೀಟಾ. ಅಮೆರಿಕದ 19 ಕೇಂದ್ರಗಳಲ್ಲಿ 30 ಸಾವಿರಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ಗಮನಿಸಿದ ಅಧ್ಯಯನ 2006ರಲ್ಲಿ ಬಂತು. ಪ್ರೀವಿಯಾ ಇದ್ದವರಲ್ಲಿ ಮೊದಲ ಸಿಸೇರಿಯನ್ ಆಗುತ್ತಿದ್ದವರಿಗೆ ಅಕ್ರೀಟಾ ಇದ್ದದ್ದು ಶೇ 3. ಎರಡನೆಯದಕ್ಕೆ ಶೇ 11. ಮೂರನೆಯದಕ್ಕೆ ಶೇ 40. ನಾಲ್ಕನೆಯದಕ್ಕೆ ಶೇ 61. ಇಂಥವರಿಗೆ 34–36 ವಾರದ ನಡುವೆ, ಮಾಸನ್ನು ಎಳೆಯದೆ, ಬಹಳ ಸಲ ಗರ್ಭಕೋಶವನ್ನೇ ತೆಗೆಯುವ ಆಪರೇಷನ್ ಮಾಡಬೇಕಾಗುತ್ತದೆ. ಮೂತ್ರಕೋಶದ ಸರ್ಜನ್, ಅನುಭವಿ ಅರಿವಳಿಕೆ ವೈದ್ಯರು, ರಕ್ತನಿಧಿ, ನವಜಾತ ಶಿಶು ಘಟಕ, ಎಲ್ಲ ಒಂದೇ ಸೂರಿನಡಿ ಇರಬೇಕು.

ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 23.6 ಇತ್ತು, ಐದನೇ ಸುತ್ತಿನಲ್ಲಿ ಶೇ 31.5. ಅದೇ ಐದನೇ ಸುತ್ತಿನಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ. ಈ ಎರಡು ಅಂಕಿಗಳನ್ನು ಬೇರೆ ಬೇರೆ ಪುಟದಲ್ಲಿ ಓದುವುದು ನಮ್ಮ ಅಭ್ಯಾಸ. ಹೆರಿಗೆ ಮೇಜಿನ ಮೇಲೆ ಅವು ಒಬ್ಬಳೇ ಹೆಂಗಸಿನ ಮೈಯಲ್ಲಿ ಸೇರುತ್ತವೆ. ಹಿಮೋಗ್ಲೋಬಿನ್ 12 ಇದ್ದವಳು ತಾಳಿಕೊಳ್ಳುವ ಒಂದು ಲೀಟರಿನ ನಷ್ಟವನ್ನು 7 ಇದ್ದವಳು ತಾಳಲಾರಳು. ಮೊದಲ ಹೆರಿಗೆಯಲ್ಲಿ ಅಗತ್ಯವಿಲ್ಲದೆ, ಒಳ್ಳೆಯ ಮುಹೂರ್ತಕ್ಕೋ ಅನುಕೂಲಕ್ಕೋ ಹೊಟ್ಟೆ ಕೊಯ್ಯಿಸಿಕೊಂಡದ್ದರ ಬಾಕಿ ಬರುವುದು ಎರಡನೆಯದರಲ್ಲಿ, ಮೂರನೆಯದರಲ್ಲಿ. ಆ ಬಾಕಿ ತೀರಿಸುವುದು ಬೇರೆ ಊರಿನ ಬೇರೆ ವೈದ್ಯರು.

ಒಮ್ಮೆ ಸಿಸೇರಿಯನ್ ಆದವಳ ಮುಂದಿನ ಬಸಿರಿನಲ್ಲಿ ಸ್ಕ್ಯಾನ್ ರಿಪೋರ್ಟು ಮಾಸು ಮುಂದಿದೆ, ಕೆಳಗಿದೆ ಎಂದಷ್ಟೇ ಹೇಳಿ ನಿಲ್ಲಬಾರದು. ಹಳೆಯ ಗಾಯದ ಮೇಲೆ ಕೂತಿದೆಯೇ, ಅಲ್ಲಿ ಬೇರು ಬಿಟ್ಟ ಲಕ್ಷಣವಿದೆಯೇ ಎಂದು ಬರೆಯಬೇಕು, ಬರೆಯದಿದ್ದರೆ ಕೇಳಬೇಕು. ಹೌದು ಎಂದಾದರೆ ತವರಿನ ಹತ್ತಿರದ ನರ್ಸಿಂಗ್ ಹೋಮಿನ ಆಸೆ ಬಿಟ್ಟು, ಏಳನೇ ತಿಂಗಳು ಮುಗಿಯುವ ಮುಂಚೆ ದೊಡ್ಡ ಆಸ್ಪತ್ರೆ ಯಾವುದೆಂದು ಗೊತ್ತುಮಾಡಿ, ತಾಯಿ ಕಾರ್ಡಿನ ಮೇಲೆ ಕಾಣುವಂತೆ ಬರೆಸಿಡಬೇಕು. ಹಿಮೋಗ್ಲೋಬಿನ್ ಏರಿಸುವ ಕೆಲಸ ಅದಕ್ಕೂ ಮುಂಚೆ ಶುರುವಾಗಬೇಕು. ರಕ್ತದ ಗುಂಪು ಬರೆಸಿ, ಕೊಡಲು ಒಪ್ಪಿದ ನಾಲ್ಕು ಜನರ ಫೋನ್ ನಂಬರನ್ನೂ ಆ ಕಾರ್ಡಿನ ಜೊತೆಗೇ ಇಡುವುದು ಒಳ್ಳೆಯದು. ಅಪರೂಪದ ಗುಂಪಾದರೆ ರಕ್ತನಿಧಿಯವರಿಗೆ ಮೊದಲೇ ತಿಳಿಸಿರಬೇಕು, ಅದು ಕೇಳಿದ ರಾತ್ರಿಗೆ ಸಿಗುವುದಿಲ್ಲ.